ಎಡದಿಂದ ಮೂರನೆಯವನು

ಅಂಗಿಯ ಜೇಬಿನಲ್ಲಿದ್ದ ಡಬ್ಬಿ ಬೆಂಕಿಪೊಟ್ಟಣಕ್ಕಿಂತ ದೊಡ್ಡದೇನಲ್ಲ. ಆದರೂ ಬಸ್ಸು ಕುಲುಕಿದಾಗಲೆಲ್ಲ ಅವನು ಎರಡೂ ಕೈಯಿಂದ ಎದೆ ಮುಚ್ಚಿಕೊಳ್ಳುತ್ತಿದ್ದ. ಪಕ್ಕದಲ್ಲಿ ಕೂತವರು ಕೊನೆಗೆ ತಡೆಯಲಾರದೆ, "ಏನ್ ಸಾರ್, ಎದೆನೋವಾ?" ಎಂದು ಕೇಳಿದರು. "ಅಯ್ಯೋ ಇಲ್ಲ, ಮುಳ್ಳು" ಎಂದ. ಅವರು ಇನ್ನಷ್ಟು ಕಿಟಕಿಯ ಕಡೆಗೆ ಸರಿದು ಕೂತರು. ಅವನಿಗೆ ನಗು ಬಂತು. ಬೆಳಗಿನಿಂದ ಎಲ್ಲದಕ್ಕೂ ನಗು ಬರುತ್ತಿತ್ತು. ತನ್ನ ಕನ್ನಡಕದ ಅಂಗಡಿಗೆ ರಜೆ, ಆಕಾಶ ಶುಭ್ರ, ಜೇಬಿನಲ್ಲಿ ಹಾಡಿನ ಪ್ಲೇಟು ನುಡಿಸುವ ಯಂತ್ರಕ್ಕೆ ಹೊಸ ಮುಳ್ಳು. ಮುಳ್ಳೆಂದರೆ ಬರೀ ಮುಳ್ಳಲ್ಲ, ಅದನ್ನು ಕಚ್ಚಿ ಹಿಡಿದಿರುವ ಗುಬ್ಬಿ ತಲೆಯಷ್ಟು ದೊಡ್ಡ ಕಾರ್ಟ್ರಿಡ್ಜು ಕೂಡ. ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಭಾಮೈದ ಎಲ್ಲಿಂದಲೋ ತರಿಸಿ, ಎರಡು ತಿಂಗಳು ಕಾಯಿಸಿ, ಇವತ್ತು ಕೈಗಿಟ್ಟಿದ್ದ. "ಭಾವ, ಇಷ್ಟು ದಿನ ನೀವು ಕೇಳಿದ್ದು ಗೋಡೆ ಆಚೆ ಇಂದ. ಇದನ್ನ ಹಾಕಿ ನೋಡಿ, ಹಾಡೋರ ಹಲ್ಲಿನ ಸಂದು ಕೂಡ ಕೇಳ್ಸುತ್ತೆ. ಯಾರು ಎಲ್ಲಿ ನಿಂತಿದಾರೆ ಅಂತ ಬೆರಳಿಟ್ಟು ತೋರಿಸ್ಬಹುದು." ಯಾರು ಎಲ್ಲಿ ನಿಂತಿದ್ದಾರೆ. ಎರಡು ತಿಂಗಳ ಹಿಂದೆ ಆ ಮಾತು ಮೊದಲ ಸಲ ಕೇಳಿದ ದಿನದಿಂದಲೇ ಅವನ ನಿದ್ದೆ ಹಾರಿತ್ತು.

ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಹೆಂಡತಿ ಅಡಿಗೆಮನೆಯಿಂದ, "ಬಂದ್ರಾ? ಊಟಕ್ಕೆ ಹೊತ್ತಿದೆ, ಬಾಯಾಡಿಸೋಕೆ ಏನಾದ್ರೂ ಕೊಡ್ಲಾ?" ಎಂದಳು. ಎಷ್ಟು ಸಾಧಾರಣ ಮಾತು! ಹುರಿದ ಕಡಲೆಕಾಯಿಯೋ ಮತ್ತೊಂದೋ ಕೊಡುವ ಮಾತು. ಆದರೆ 'ಬಾಯಾಡಿಸು' ಎಂಬ ಆ ಪದ ಅವನ ಕಿವಿಗೆ ಬೇರೆಯೇ ಅರ್ಥದಲ್ಲಿ ಬೀಳುತ್ತದೆ. "ಬೇಡ" ಎಂದ, ಎಂದಿನಂತೆ. ಮದುವೆಯಾಗಿ ಇಪ್ಪತ್ತಾರು ವರ್ಷ. ಎರಡು ಊಟದ ನಡುವಿನ ಹೊತ್ತಿನಲ್ಲಿ ಏನನ್ನೂ ಮುಟ್ಟದ ಶಿಸ್ತಿನ ಮನುಷ್ಯನೆಂದು ಅವಳ ತವರಿನಲ್ಲೆಲ್ಲ ಅವನಿಗೆ ಹೆಸರು. ಹಸಿವಾಗುತ್ತಿತ್ತು, ಬೇಕಾದಷ್ಟು ಆಗುತ್ತಿತ್ತು. ಆದರೆ ಆ ಪದದ ಹಿಂದೆಯೇ ನೆನಪಾಗುತ್ತಿದ್ದುದು, ಹಾಡು ಕಲಿಸಿದ ಮೇಷ್ಟ್ರ ಬಾಯಿಯ ಲವಂಗದ ವಾಸನೆ, ಕಿವಿಯ ಹತ್ತಿರ ಬಗ್ಗಿದ ಬಿಳಿ ತಲೆ, ಜೊತೆಗೆ ಹಾಡುವ ಮಿಕ್ಕ ಏಳು ಜನಕ್ಕೆ ಕೇಳದಂಥ ಪಿಸುದನಿ: "ತಮ್ಮಾ, ನೀನು ಸುಮ್ಮನೆ ಬಾಯಾಡಿಸು. ಅಷ್ಟು ಸಾಕು." ಬೈದಿದ್ದರೆ ಎದುರು ಮಾತಾಡಬಹುದಿತ್ತು. ಎಷ್ಟು ಪ್ರೀತಿಯಿಂದ ಹೇಳಿದ್ದರೆಂದರೆ, ಅವನು ತಲೆಯಾಡಿಸಿ "ಆಗಲಿ ಮೇಷ್ಟ್ರೇ" ಎಂದು ಕೃತಜ್ಞತೆಯಿಂದಲೇ ಹೇಳಿಬಿಟ್ಟಿದ್ದ.

ಆಗ ಅವನಿಗೆ ಇಪ್ಪತ್ತೆರಡು. ಹೊಳೆಗೆ ಹೊಸ ಸೇತುವೆ ಕಟ್ಟಿದ್ದರು. ಅದನ್ನು ತೆರೆಯುವ ದಿನಕ್ಕೆಂದು ಒಂದು ಹಾಡು ಬರೆಸಿ, ಊರಿನ ಹವ್ಯಾಸಿಗಳಲ್ಲಿ ಎಂಟು ಜನರನ್ನು ಆರಿಸಿ, ಪ್ಲೇಟು ಮಾಡಿಸಿದರು. "ಆಚೆ ದಡದವರೇ, ಈಚೆ ದಡದವರೇ, ನಡುವೆ ಬನ್ನಿ." ಪ್ಲೇಟಿನ ಹೊದಿಕೆಯ ಮೇಲೆ ಫೋಟೋ: ಸಾಲಾಗಿ ನಿಂತ ಎಂಟು ಮಂದಿ, ಬಲತುದಿಯಲ್ಲಿ ಹಾರ್ಮೋನಿಯಂ ಮುಂದೆ ಮೇಷ್ಟ್ರು, ಎಡದಿಂದ ಮೂರನೆಯವನು ಇವನು, ದೊಡ್ಡದಾಗಿ ಬಾಯಿ ತೆರೆದುಕೊಂಡು. ಫೋಟೋ ನೋಡಿದವರು ಇವನೇ ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದಾನೆಂದು ಹೇಳುತ್ತಾರೆ. ಅಪ್ಪನಂತೂ ಆ ಪ್ಲೇಟನ್ನು ಬಗಲಲ್ಲಿಟ್ಟುಕೊಂಡೇ ಓಡಾಡಿದರು. ಮದುವೆಯ ಮಾತಿಗೆಂದು ಎರಡೂ ಮನೆಯವರು ಕೂತಾಗ, ಹುಡುಗನಿಗೆ ಕನ್ನಡಕದ ಅಂಗಡಿ ಇದೆ ಎನ್ನುವುದಕ್ಕಿಂತ ಮೊದಲು, "ನಮ್ಮ ಹುಡುಗನ ದನಿ ಪ್ಲೇಟಲ್ಲಿದೆ" ಎಂದರು. ಮಗಳು ಶಾಲೆಗೆ ಸೇರಿದ ಮೇಲೆ ಅಲ್ಲಿಯೂ ಅದೇ. ಈ ವಿಷಯದಲ್ಲಿ ಇವನು ಎಂದೂ ಬಾಯಿಬಿಟ್ಟು ಸುಳ್ಳು ಹೇಳಿದವನಲ್ಲ. ಯಾರೋ ಹೇಳಿದರು, ಇವನು ಅಲ್ಲವೆನ್ನಲಿಲ್ಲ. ಹಳೆಯ ಮುಳ್ಳು ಎಲ್ಲ ದನಿಗಳನ್ನೂ ಕಲಸಿ ಒಂದೇ ಉಂಡೆ ಮಾಡಿ ಕೊಡುತ್ತಿತ್ತು. ಆ ಉಂಡೆಯಲ್ಲಿ ಯಾರು ಬೇಕಾದರೂ ಇರಬಹುದಿತ್ತು.

ಹಾಗಿದ್ದ ಮೇಲೆ ಮೈಮೇಲೆ ಇರುವೆ ಬಿಟ್ಟುಕೊಳ್ಳುವ ಕೆಲಸ ಯಾಕೆ? ಅದಕ್ಕೂ ಕಾರಣವಿತ್ತು, ಆ ಕಾರಣವೇ ಅವನನ್ನು ಎರಡು ತಿಂಗಳಿನಿಂದ ಕುಣಿಸುತ್ತಿದ್ದುದು. ಕೊನೆಯ ಸಾಲು. ಇಡೀ ಹಾಡಿಗೆ ಬಾಯಾಡಿಸಿದವನು, ಕೊನೆಯ "ನಡುವೆ ಬನ್ನಿ"ಗೆ ಮೇಷ್ಟ್ರು ಕಣ್ಣು ಮುಚ್ಚಿದ್ದನ್ನು ನೋಡಿ, ತಡೆಯಲಾರದೆ ಹಾಡಿಬಿಟ್ಟಿದ್ದ. ಹಾಗೆಂದು ಅವನ ನೆನಪು. ಹಾಡಿದೆನೋ, ಹಾಡಿದೆ ಎಂದುಕೊಂಡೆನೋ ಎಂಬ ಅನುಮಾನ ಆಮೇಲಾಮೇಲೆ ಸೇರಿಕೊಂಡದ್ದು. ಎದೆಯಲ್ಲಿ ಗಾಳಿ ತುಂಬಿದ್ದು ಇವತ್ತಿಗೂ ನೆನಪಿದೆ. ಗಾಳಿ ತುಂಬಿದ ಮೇಲೆ ಹಾಡದೇ ಇರುತ್ತಾರೆಯೇ ಯಾರಾದರೂ? ಒಂದು ಸಾಲು, ಎರಡೇ ಎರಡು ಪದ. ಅಷ್ಟು ಪ್ಲೇಟಿನಲ್ಲಿದ್ದರೆ ಮೂವತ್ತು ವರ್ಷದ ಮಾತೆಲ್ಲ ನಿಜವಾಗುತ್ತದೆ, ಪೂರ್ತಿ ಅಲ್ಲದಿದ್ದರೂ ಮರ್ಯಾದೆಗೆ ಬೇಕಾದಷ್ಟು.

ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಕೆಲಸಕ್ಕೆ ಕೂತ. ಕನ್ನಡಕದ ಕಿವಿಕಡ್ಡಿ ಬಿಗಿಮಾಡುವ ಸಣ್ಣ ಸ್ಕ್ರೂಡ್ರೈವರು, ಚಿಮಟ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ. ಈ ಕೆಲಸಕ್ಕೆ ಬೇಕಾದದ್ದೆಲ್ಲ ಅವನ ಕಸುಬಿನಲ್ಲೇ ಇತ್ತು. ಭಾಮೈದ ತಾನೇ ಬಂದು ಕೂರಿಸಿಕೊಡುತ್ತೇನೆ ಎಂದಿದ್ದ, ಇವನೇ ಬೇಡವೆಂದ. ಕೂದಲೆಳೆಯಂಥ ನಾಲ್ಕು ತಂತಿ: ಎಡದ ಸ್ಪೀಕರಿಗೆ ಬಿಳಿ ಮತ್ತು ನೀಲಿ, ಬಲದ್ದಕ್ಕೆ ಕೆಂಪು ಮತ್ತು ಹಸಿರು. ಡಬ್ಬಿಯೊಳಗಿನ ಕಾಗದದಲ್ಲಿ ಅಕ್ಕಿಕಾಳಿನಷ್ಟು ಅಕ್ಷರಗಳೊಂದಿಗೆ ಚಿತ್ರವಿತ್ತು. ಉಸಿರು ಬಿಗಿಹಿಡಿದು ಒಂದೊಂದನ್ನೇ ಸಿಕ್ಕಿಸಿದ. ಒಂದೂ ಜಾರಲಿಲ್ಲ, ಮೂವತ್ತು ವರ್ಷದ ಕೈ. ಹೋದ ವಾರ ಅಂಗಡಿಗೆ ಬಂದ ಅಜ್ಜಿಯೊಬ್ಬಳು ಹೊಸ ಕನ್ನಡಕವನ್ನು ವಾಪಸು ತಂದು ಮೇಜಿನ ಮೇಲಿಟ್ಟು, "ಇದ್ರಲ್ಲಿ ಮನೆ ತುಂಬಾ ಕೊಳೆ ಕಾಣ್ಸುತ್ತಪ್ಪ, ನನ್ನ ಹಳೇದೇ ಕೊಡು" ಎಂದಿದ್ದಳು. ಅವನು ನಕ್ಕು, "ಕೊಳೆ ಮೊದ್ಲೇ ಇತ್ತಜ್ಜಿ" ಎಂದಿದ್ದ. ಈಗ ಅದು ನೆನಪಾಗಿ ಒಂದು ಕ್ಷಣ ಚಿಮಟ ನಿಂತಿತು. ಆಮೇಲೆ ಮುಂದುವರಿಸಿದ.

"ಆಯ್ತಾ?" ಮಗಳು ಒದ್ದೆ ಕೂದಲು ಕೊಡವುತ್ತ ಬಂದು ನೆಲದ ಮೇಲೆ ಕೂತಳು. ಕಾಲೇಜು ಮುಗಿಸುವ ವಯಸ್ಸಿನವಳು; ಅಪ್ಪನ ಉತ್ಸಾಹ ಅವಳಿಗೆ ತಮಾಷೆ. "ಅಮ್ಮಾ, ಬಾ ಬೇಗ, ಅಪ್ಪ ಹಾಡ್ತಾರೆ." ಹೆಂಡತಿ ಒದ್ದೆ ಕೈಯಲ್ಲೇ ಬಾಗಿಲಿಗೆ ಒರಗಿ ನಿಂತಳು. ಅವಳು ಕೂರುವುದಿಲ್ಲ, ಒಲೆಯ ಮೇಲೆ ಏನಾದರೂ ಇದ್ದೇ ಇರುತ್ತದೆ. ಅವನು ಯಂತ್ರದ ಮುಳ್ಳಿನ ತೋಳನ್ನು ಎತ್ತಿ, ಪ್ಲೇಟಿನ ಅಂಚಿಗೆ ತಂದು, ಇಳಿಸಿದ.

ದೇವರೇ! ಮೊದಲು ಕೋಣೆಯೇ ಬಂತು. ಹಾಡಿಗೆ ಮುಂಚಿನ ಮೌನದಲ್ಲಿ ಆ ಸಭಾಂಗಣ, ಅದರ ಎತ್ತರದ ಛಾವಣಿ, ಯಾರೋ ಕಾಲು ಸರಿಸಿದ್ದು. ಆಮೇಲೆ ದನಿಗಳು ಒಂದರ ಪಕ್ಕ ಒಂದು ಬಂದು ನಿಂತವು, ಎರಡು ಸ್ಪೀಕರಿನ ನಡುವಿನ ಖಾಲಿ ಗೋಡೆಯ ಮುಂದೆ, ಹಾಡುವವರು ನಿಜಕ್ಕೂ ಬಂದು ನಿಂತ ಹಾಗೆ. ಭಾಮೈದ ಹೇಳಿದ್ದು ಸುಳ್ಳಲ್ಲ, ಬೆರಳಿಟ್ಟು ತೋರಿಸಬಹುದಿತ್ತು. ಮಗಳು ತೋರಿಸಿಯೇಬಿಟ್ಟಳು. "ಒಂದು, ಎರಡು, ಮೂರು... ಅಪ್ಪಾ! ಅದು ನೀನೇ! ಅಮ್ಮ ಕೇಳು, ಎಡದಿಂದ ಮೂರನೇದು!" ಮೂರನೆಯ ಜಾಗದಲ್ಲಿ ದನಿಯಿತ್ತು. ಇತ್ತು ಅಂದರೆ ಹೇಗೆ! ತುಂಬಿದ, ಬೆಚ್ಚಗಿನ, ಒಂದಿಷ್ಟೂ ಆಚೀಚೆ ಆಗದ ದನಿ. ಕೊನೆಯ ಸಾಲಿನಲ್ಲಿ ಮಾತ್ರವಲ್ಲ, ಮೊದಲ ಸಾಲಿನಿಂದಲೇ. ಅವನ ಕಣ್ಣು ತುಂಬಿಬಂತು. ಹಾಗಾದರೆ ಹಾಡಿದ್ದೆನೇ? ಮೇಷ್ಟ್ರ ಮಾತು, ಲವಂಗದ ವಾಸನೆ, ಎಲ್ಲ ಆ ದಿನದ್ದಲ್ಲವೇ, ಅಭ್ಯಾಸದ ಯಾವುದೋ ದಿನದ್ದೇ? ಮನುಷ್ಯ ತನಗಾದ ಅವಮಾನವನ್ನು ನೆನಪಿಟ್ಟುಕೊಂಡಷ್ಟು ಚೆನ್ನಾಗಿ ತಾನು ಮಾಡಿದ ಒಳ್ಳೆಯದನ್ನು ನೆನಪಿಟ್ಟುಕೊಳ್ಳುವುದಿಲ್ಲ ಎಂದು ಎಲ್ಲೋ ಓದಿದ್ದ. ಮಗಳು ಆಗಲೇ ಫೋನಿನಲ್ಲಿ ಸೋದರಮಾವನಿಗೆ ಹೇಳುತ್ತಿದ್ದಳು, "ಮಾಮಾ, ಸೂಪರ್, ಅಪ್ಪನ ದನಿ ಬೇರೇನೇ ಕೇಳ್ಸುತ್ತೆ!" ಹೆಂಡತಿ ಬಾಗಿಲು ಬಿಟ್ಟು ಎರಡು ಹೆಜ್ಜೆ ಒಳಗೆ ಬಂದಿದ್ದಳು. "ಇಷ್ಟು ಚೆನ್ನಾಗಿ ಹಾಡ್ತಿದ್ರಾ?" ಎಂದಳು. "ಮತ್ತೆ ಯಾಕ್ರೀ ಒಂದಿನಾನೂ ಹಾಡ್ಲಿಲ್ಲ ಮನೇಲಿ?" ಅವನಿಗೆ ಎದ್ದು ಕುಣಿಯಬೇಕೆನಿಸಿತು. "ನೀನು ಕೇಳ್ಲಿಲ್ಲ" ಎಂದ. ಮೂವತ್ತು ವರ್ಷದಲ್ಲಿ ಈ ಹಾಡಿನ ಬಗ್ಗೆ ಬಾಯಿಬಿಟ್ಟು ಹೇಳಿದ ಮೊದಲ ಸುಳ್ಳು, ಅದೂ ಎಷ್ಟು ಸಲೀಸಾಗಿ ಬಂತು.

ಎರಡನೆಯ ಸಲ ಹಾಕಿದಾಗ ಹಾರ್ಮೋನಿಯಂ ಕೇಳಿಸಿತು. ಮೊದಲ ಸಲವೂ ಇತ್ತು, ಸಂತೋಷದಲ್ಲಿ ಗಮನಿಸಿರಲಿಲ್ಲ. ಹಾರ್ಮೋನಿಯಂ ಎಡಗಡೆಯಿಂದ ಬರುತ್ತಿತ್ತು. ಎಡಗಡೆ, ಕಿಟಕಿಯ ಪಕ್ಕದ ಸ್ಪೀಕರಿನ ತುದಿಯಿಂದ. ಅವನು ಹೊದಿಕೆಯ ಫೋಟೋ ನೋಡಿದ. ಮೇಷ್ಟ್ರು ಬಲತುದಿಯಲ್ಲಿ ಕೂತಿದ್ದರು, ಮೂವತ್ತು ವರ್ಷದಿಂದ ಕೂತಲ್ಲೇ ಕೂತಿದ್ದರು. ಕಾಗದದ ಚಿತ್ರವನ್ನು ಮತ್ತೆ ತೆಗೆದು ನೋಡುವ ಅಗತ್ಯವೇ ಇರಲಿಲ್ಲ. ತಾನು ಮಾಡಿದ್ದೇನು ಎಂದು ಕೈಗೇ ಗೊತ್ತಾಯಿತು. ಎದುರಿಗೆ ಕೂತವರ ಬಲಗಣ್ಣು ತನ್ನ ಎಡಕ್ಕಿರುತ್ತದೆ. ಮೂವತ್ತು ವರ್ಷ ಮುಖಗಳ ಎದುರು ಕೂತವನ ಕೈ ಎದುರಿಗೇನೇ ಬಂದರೂ ಎಡ ಬಲವನ್ನು ತಾನಾಗಿ ಅದಲು ಬದಲು ಮಾಡುತ್ತದೆ. ಕಾರ್ಟ್ರಿಡ್ಜನ್ನೂ ಅವನು ಗಿರಾಕಿಯ ಮುಖದ ಹಾಗೆ ಎದುರಿಗಿಟ್ಟುಕೊಂಡು ತಂತಿ ಸಿಕ್ಕಿಸಿದ್ದ. ಬಿಳಿ ಇರಬೇಕಾದಲ್ಲಿ ಕೆಂಪು, ನೀಲಿ ಇರಬೇಕಾದಲ್ಲಿ ಹಸಿರು. ಸೇತುವೆಯ ಎಂಟು ಜನರೂ ತಿರುವುಮುರುವಾಗಿ ನಿಂತಿದ್ದರು. ಎಡದಿಂದ ಮೂರನೆಯ ಆ ಬೆಚ್ಚಗಿನ ದನಿ ನಿಜಕ್ಕೂ ಬಲದಿಂದ ಮೂರನೆಯದು, ಅಂದರೆ ಫೋಟೋದಲ್ಲಿ ಆ ಜಾಗದಲ್ಲಿ ನಿಂತಿದ್ದ ಅಂಚೆಯ ಗುಮಾಸ್ತರದು. ಹಾಗೆ ನೋಡಿದರೆ ಆ ದನಿಯ ಪರಿಚಯ ಅವನಿಗೆ ಚೆನ್ನಾಗಿಯೇ ಇತ್ತು. ಅಭ್ಯಾಸದ ದಿನಗಳಲ್ಲಿ ಅದನ್ನು ಕೇಳಿ ಹೊಟ್ಟೆಕಿಚ್ಚಿನಿಂದ ಉರಿದುಹೋಗುತ್ತಿದ್ದ.

"ಏನಾಯ್ತಪ್ಪ?" ಎಂದಳು ಮಗಳು. "ಏನಿಲ್ಲ" ಎಂದ. ಏನೂ ಇರಲೂಬಾರದಿತ್ತು. ಹಾರ್ಮೋನಿಯಂ ಯಾವ ಕಡೆ ಇದ್ದರೆ ಇವರಿಗೇನು? ಯಾರು ಫೋಟೋ ಹಿಡಿದುಕೊಂಡು ಕೂತು ಹೋಲಿಸುತ್ತಾರೆ? ನಾಲ್ಕು ತಂತಿಗಳನ್ನು ಹೀಗೇ ಬಿಟ್ಟರೆ ಮನೆಯಲ್ಲಿ ಅವನ ದನಿ ಇರುತ್ತದೆ, ಹೆಂಡತಿ ಎರಡು ಹೆಜ್ಜೆ ಒಳಗೆ ಬಂದವಳು ಅಲ್ಲೇ ಇರುತ್ತಾಳೆ. ಅವಳು ಈಗಲೂ ನಿಂತಿದ್ದಳು, ಒಲೆಯನ್ನು ಮರೆತು. ಹಾಗೆ ಅವಳು ತನ್ನನ್ನು ನೋಡಿ ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕಲು ಹೆದರಿಕೆಯಾಯಿತು. ಆದರೆ ಕೈ ತುರಿಸುತ್ತಿತ್ತು. ಅಂಗಡಿ ಇಟ್ಟ ಹೊಸದರಲ್ಲಿ ಒಬ್ಬ ಗಿರಾಕಿಯ ಬಲಗಣ್ಣಿನ ಗಾಜನ್ನು ಎಡಕ್ಕೆ, ಎಡದ್ದನ್ನು ಬಲಕ್ಕೆ ಕೂರಿಸಿ ಕೊಟ್ಟಿದ್ದ. ಆ ಮನುಷ್ಯ ಮೂರು ತಿಂಗಳು ತಲೆನೋವು ಅನುಭವಿಸಿ, ಗೋಡೆಗೆ ಡಿಕ್ಕಿ ಹೊಡೆದು, ಕೊನೆಗೆ ಬಂದು, "ನಿಮ್ಮ ಕನ್ನಡಕ ಸರಿಯಾಗೇ ಇದೆ ಸಾರ್, ನನ್ನ ಕಣ್ಣಲ್ಲೇ ಏನೋ ತಪ್ಪಿದೆ" ಎಂದು ಕೈಮುಗಿದಿದ್ದ. ತಪ್ಪು ಗೊತ್ತಾದರೂ ಇವನು ಹೇಳಲಿಲ್ಲ. ಒಳಗೆ ಹೋಗಿ ಗಾಜು ಬದಲಿಸಿ ತಂದು, "ಸ್ವಲ್ಪ ಒರೆಸಿದೀನಿ, ಈಗ ನೋಡಿ" ಎಂದಿದ್ದ. ಆ ಮನುಷ್ಯ ಇವನ ಕೈಗುಣ ಹೊಗಳಿಕೊಂಡು ಹೋದ. ಒರೆಸಿದೀನಿ! ಇಡೀ ಜೀವಮಾನ ಇದನ್ನೇ ಮಾಡಿದೆನೇ? ಥೂ ಎನಿಸಿತು.

"ತಂತಿ ಉಲ್ಟಾ ಆಗಿದೆ" ಎಂದ. ಗಟ್ಟಿಯಾಗಿಯೇ ಹೇಳಿದ, ಮತ್ತೆ ಮನಸ್ಸು ಬದಲಿಸಲು ಆಗದ ಹಾಗೆ. "ಎಡದ್ದು ಬಲಕ್ಕೆ ಬಂದಿದೆ. ಸರಿಮಾಡ್ತೀನಿ." ಮಗಳು, "ಚೆನ್ನಾಗೇ ಇತ್ತಲ್ಲಪ್ಪ" ಎಂದಳು. ಭೂತಗನ್ನಡಿ ಸಿಕ್ಕಿಸಿಕೊಂಡು ಕೂತ. ಈ ಸಲ ಕೆಂಪು ತಂತಿ ಎರಡು ಸಲ ಜಾರಿತು. ಆದರೂ ಆಶ್ಚರ್ಯವೆಂದರೆ, ಬೆಳಗಿನ ಆ ಉದ್ವೇಗ ಆರಿರಲಿಲ್ಲ. ಕೊನೆಯ ಸಾಲು ಇನ್ನೂ ಬಾಕಿ ಇತ್ತು. ಎರಡು ಪದ. ಅಷ್ಟು ಸಿಕ್ಕರೆ ಸಾಕು, ಅಂಚೆಯ ಗುಮಾಸ್ತರ ದನಿಯನ್ನು ಅವರಿಗೇ ಕೊಟ್ಟು ನಗುತ್ತ ಬದುಕುತ್ತೇನೆ ಎಂದು ಯಾರಿಗೋ ಮನಸ್ಸಿನಲ್ಲೇ ಮಾತು ಕೊಟ್ಟ.

ಮುಳ್ಳು ಇಳಿಯಿತು. ಹಾರ್ಮೋನಿಯಂ ಬಲಕ್ಕೆ ಹೋಗಿ ತನ್ನ ಜಾಗದಲ್ಲಿ ಕೂತಿತು. ಎಡದಿಂದ ಒಂದು, ಎರಡು. ಆಮೇಲೆ ಖಾಲಿ. ಹಲ್ಲು ಬಿದ್ದ ಜಾಗದಲ್ಲಿ ನಾಲಗೆ ಆಡಿಸಿದಂತೆ ಅವನ ಕಿವಿ ಅಲ್ಲಿಗೇ ಹೋಗಿ ಹೋಗಿ ಬರುತ್ತಿತ್ತು. ಆಮೇಲೆ ನಾಲ್ಕನೆಯ ದನಿ, ಐದನೆಯದು, ಆರನೆಯ ಜಾಗದಲ್ಲಿ ಗುಮಾಸ್ತರು. ಮಗಳು ಬೆರಳು ಮಡಿಸುತ್ತ ಎಣಿಸಿ, ಏಳಕ್ಕೆ ನಿಂತು, ಅವನ ಮುಖ ನೋಡಿ, ಬೆರಳುಗಳನ್ನು ಮೆಲ್ಲನೆ ಮಡಿಲಿಗೆ ತಂದುಕೊಂಡಳು. ಇರಲಿ, ಕೊನೆಯ ಸಾಲು ಬರಲಿ. ಬಂತು. ಏಳು ದನಿಗಳು "ನಡುವೆ ಬನ್ನಿ" ಎಂದು ಕರೆದವು, ಅಷ್ಟೇ. ಮೂರನೆಯ ಜಾಗದಿಂದ ಯಾರೂ ಕರೆಯಲಿಲ್ಲ. ಮುಳ್ಳು ಒಳಗಿನ ಖಾಲಿ ಗೆರೆಯಲ್ಲಿ ಗರಗರ ಸುತ್ತತೊಡಗಿತು. ಇಷ್ಟು ಒಳ್ಳೆಯ ಮುಳ್ಳು, ಲೋಕದಲ್ಲಿ ಇದಕ್ಕಿಂತ ಒಳ್ಳೆಯದು ಇದೆಯೋ ಇಲ್ಲವೋ, ಕೊಟ್ಟದ್ದು ಒಂದು ಖಾಲಿ ಜಾಗ. ಅಳತೆಗೆಂದು ಬಿಚ್ಚಿ ಒಯ್ದಿದ್ದ ಹಳೆಯದನ್ನು ಭಾಮೈದನ ಅಂಗಡಿಯ ರದ್ದಿಗೆ ಹಾಕಿ ಬಂದಿದ್ದ, ಅದೂ ನಗುತ್ತ ಎಸೆದು ಬಂದಿದ್ದ. ಇನ್ನು ಆ ಉಂಡೆಯೊಳಗೆ ಹೋಗಿ ಬಚ್ಚಿಟ್ಟುಕೊಳ್ಳಲು ಆಗುವುದಿಲ್ಲ.

"ರೀ, ಒಂದ್ನಿಮಿಷ" ಎಂದಳು ಹೆಂಡತಿ. "ಅದನ್ನ ಇನ್ನೊಂದ್ಸಲ ಹಾಕಿ."

"ಏನನ್ನ?"

"ಕೊನೇ ಸಾಲಿಗೆ ಮುಂಚೆ. ಯಾರೋ ಉಸಿರು ಎಳ್ಕೊಂಡ್ರಲ್ಲ, ಅದನ್ನ."

ಅವನಿಗೆ ಕೇಳಿಸಿರಲಿಲ್ಲ, ದನಿಯನ್ನು ಹುಡುಕುತ್ತಿದ್ದವನಿಗೆ ಉಸಿರು ಎಲ್ಲಿ ಕೇಳಿಸೀತು? ಮುಳ್ಳನ್ನು ಎತ್ತಿ ಒಂದು ಬೆರಳಿನಷ್ಟು ಹಿಂದೆ ಇಟ್ಟ. ಹಾಡು ಕೊನೆಯ ತಿರುವಿಗೆ ಬಂತು, ಹಾರ್ಮೋನಿಯಂ ಒಂದು ಗಳಿಗೆ ತಡೆಯಿತು, ಆ ತಡೆಯಲ್ಲಿ, ಎಡದಿಂದ ಮೂರನೆಯ ಜಾಗದಲ್ಲಿ, ಯಾರೋ ಮೂಗಿನಿಂದ ಸುಯ್ಯೆಂದು ದೊಡ್ಡದಾಗಿ ಉಸಿರೆಳೆದುಕೊಂಡರು. ಎಳೆದುಕೊಂಡದ್ದು ಹೊರಗೆ ಬರಲೇ ಇಲ್ಲ. ಅವನಿಗೆ ಆ ಗಳಿಗೆ ಪೂರ್ತಿಯಾಗಿ ನೆನಪಿಗೆ ಬಂತು, ಛಾವಣಿ, ಬೆವರು ಎಲ್ಲ ಸೇರಿ: ಗಾಳಿ ತುಂಬಿಕೊಂಡಿದ್ದ, ಮೇಷ್ಟ್ರು ಕಣ್ಣು ತೆರೆದಿದ್ದರು, ಅವನು ತುಂಬಿಕೊಂಡದ್ದನ್ನು ನುಂಗಿದ್ದ.

"ಇದು ನೀವೇ ಕಣ್ರೀ" ಎಂದಳು.

"ಬರೀ ಉಸಿರಲ್ಲಿ ಏನೇ ಗೊತ್ತಾಗುತ್ತೆ?"

"ಇಪ್ಪತ್ತಾರು ವರ್ಷದಿಂದ ಕೇಳ್ತಿದೀನಿ, ಗೊತ್ತಾಗಲ್ವಾ? ಏನೋ ಹೇಳೋಕೆ ಹೊರಟಾಗೆಲ್ಲ ಹೀಗೇ ಎಳ್ಕೋತೀರಿ, ಆಮೇಲೆ ಏನೂ ಹೇಳಲ್ಲ. ಮದುವೆ ಮಾತಿಗೆ ಬಂದ ದಿನ, ನಿಮ್ಮಪ್ಪ ಈ ಪ್ಲೇಟಿನ ವಿಷಯ ಹೇಳ್ತಿದ್ರು ನೋಡಿ, ಆಗ್ಲೂ ಹೀಗೇ ಎಳ್ಕೊಂಡ್ರಿ. ನಾನು ಎದುರಿಗೇ ಕೂತಿದ್ದೆ. ಏನೋ ಹೇಳ್ತಾರೆ ಅಂತ ಕಾದೆ. ನೀವು ಹೇಳ್ಲಿಲ್ಲ."

ಅವನು ಉತ್ತರ ಕೊಡಲು ಉಸಿರೆಳೆದುಕೊಂಡ. ಮಗಳು ಕಿಸಕ್ಕನೆ ನಕ್ಕಳು, "ಅಪ್ಪಾ, ಈಗ್ಲೂ!" ನಾಚಿಕೆಯಿಂದ ಕಿವಿ ಬಿಸಿಯಾಯಿತು, ಪ್ಲೇಟಿನ ಹೊರಗೆ ತನ್ನ ಮೂಗಿನ ಸದ್ದನ್ನು ತಾನು ಕೇಳಿದ್ದು ಇದೇ ಮೊದಲು. ಎಂದಿನಂತೆ ಅದನ್ನು ನುಂಗಿಬಿಡಬಹುದಿತ್ತು. "ಮೇಷ್ಟ್ರು ನಂಗೆ ಬಾಯಾಡಿಸು ಅಂದಿದ್ರು" ಎಂದ. ಹೇಳಿದ ಮೇಲೆ ಅದು ಎಷ್ಟು ಚಿಕ್ಕ ವಾಕ್ಯವೆಂದು ಆಶ್ಚರ್ಯವಾಯಿತು. "ನಾನು ಹಾಡೇ ಇಲ್ಲ. ಒಂದು ಪದಾನೂ ಇಲ್ಲ. ಅವತ್ತು ಅದನ್ನೇ ಹೇಳೋಣ ಅಂತಿದ್ದೆ."

"ಅಷ್ಟೇನಾ?" ಎಂದಳು ಹೆಂಡತಿ.

"ಅಷ್ಟೇ."

ಅವಳು ಅಲ್ಲೇ ಕುರ್ಚಿ ಎಳೆದು ಕೂತಳು. ಒಳಗೆ ಒಲೆಯ ಮೇಲೆ ಏನೋ ಸೀಯುವ ವಾಸನೆ ಬರುತ್ತಿತ್ತು, ಏಳಲಿಲ್ಲ. "ಈ ಮದುವೆ ಬೇಡ ಅಂತ ಹೇಳೋಕೆ ಹೊರಟು, ಹಿರಿಯರ ಮುಖ ನೋಡಿ ಬಿಟ್ರೇನೋ ಅಂದ್ಕೊಂಡಿದ್ದೆ" ಎಂದಳು. ಒದ್ದೆ ಕೈಗಳನ್ನು ನೋಡಿಕೊಳ್ಳುತ್ತ, ಯಾರದೋ ವಿಷಯ ಹೇಳುವ ಹಾಗೆ ಹೇಳಿದಳು. "ಇಷ್ಟು ದಿನಾನೂ ಹಾಗೇ ಅಂದ್ಕೊಂಡಿದ್ದೆ."

ಮಗಳು ನೆಲ ನೋಡುತ್ತಿದ್ದಳು. ಇಪ್ಪತ್ತಾರು ವರ್ಷ ಅವಳು ಬಾಗಿಲಿಗೆ ಒರಗಿ ನಿಂತದ್ದು, ಕೂರದೇ ಇದ್ದದ್ದು, ಒಲೆಯ ಮೇಲೆ ಯಾವಾಗಲೂ ಏನೋ ಇರುತ್ತಿದ್ದದ್ದು, ಎಲ್ಲವೂ ಒಂದೊಂದಾಗಿ ತಮ್ಮ ತಮ್ಮ ಜಾಗಕ್ಕೆ ಬಂದು ನಿಂತವು. ತನ್ನ ಅವಮಾನವನ್ನು ಮಗುವಿನ ಹಾಗೆ ಎತ್ತಿಕೊಂಡು ಸಾಕಿದ್ದ. ಅದರ ಭಾರ ಹೊತ್ತವಳು ಇವಳು. "ಇಲ್ವೇ" ಎಂದ. "ಹಾಗಲ್ವೇ ಮಾರಾಯ್ತಿ." ಎದ್ದು ಮುಳ್ಳನ್ನು ಮತ್ತೆ ಅದೇ ಜಾಗಕ್ಕೆ ಇಟ್ಟ.

ಹಾಡು ತಿರುವಿಗೆ ಬಂತು. ಹಾರ್ಮೋನಿಯಂ ತಡೆಯಿತು. ಉಸಿರು ಬಂತು, ಎಡದಿಂದ ಮೂರನೆಯ ಜಾಗದಲ್ಲಿ. ಅದರ ಜೊತೆಗೇ ಇವನೂ ಎಳೆದುಕೊಂಡ, ಮತ್ತು ಬಾಯಿ ತೆರೆದು, "ನಡುವೆ ಬನ್ನಿ" ಎಂದು ಗಂಟಲು ಹರಿದುಕೊಂಡು ಹಾಡಿದ. ದನಿ ಶ್ರುತಿಗಿಂತ ಒಂದು ಗೇಣು ಕೆಳಗೆ ಬಿತ್ತು, ಎರಡನೆಯ ಪದಕ್ಕೆ ಒಡೆಯಿತು. ಮಗಳು ಎರಡೂ ಕಿವಿ ಮುಚ್ಚಿಕೊಂಡು ಬಿದ್ದು ಬಿದ್ದು ನಕ್ಕಳು. ಹೆಂಡತಿಯೂ ನಕ್ಕಳು, ನಗುತ್ತಲೇ ಮುಂಗೈಯಿಂದ ಕಣ್ಣೊರೆಸಿಕೊಂಡಳು.

"ಮೇಷ್ಟ್ರು ಹೇಳಿದ್ರಲ್ಲಿ ತಪ್ಪೇನಿಲ್ಲ ಬಿಡಿ" ಎಂದಳು. ಆಮೇಲೆ, "ಇನ್ನೊಂದ್ಸಲ ಹಾಕಿ" ಎಂದಳು.